ಮಡಕೆಗೆ ಹಚ್ಚಿದ ಅರಿಶಿನ

ಮಡಕೆ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅದರಿಂದ ಹುಳಿತ ಹಾಲಿನ ವಾಸನೆ ಬರುತ್ತಿತ್ತು. ಎರಡು ಸಾವಿರ ವರ್ಷ ನೆಲದೊಳಗೆ ಮಲಗಿದ್ದ ವಸ್ತು ಹೊರಗೆ ಬಂದರೆ ಮಣ್ಣಿನ ವಾಸನೆ ಬರಬೇಕು, ಇಲ್ಲವೇ ಯಾವ ವಾಸನೆಯೂ ಬರಬಾರದು. ಇದಕ್ಕೋ ಕುತ್ತಿಗೆಯಿಂದ ತಳದವರೆಗೆ ಅರಿಶಿನ ಬಳಿದಿದ್ದರು. ಹೊಟ್ಟೆಯ ಮೇಲೆ ಕುಂಕುಮದ ಬೊಟ್ಟುಗಳು, ಬಾಯಿಗೆ ಜರಿಯಂಚಿನ ರವಿಕೆ ಕಣ, ಒಂದು ಪಕ್ಕಕ್ಕೆ ಕರ್ಪೂರದ ಮಸಿ. ಅಭಿಷೇಕ ಮಾಡಿದ ಹಾಲು ಒಳಗೆ ಇಂಗಿ, ಕೆಟ್ಟು, ತಳದಲ್ಲಿ ಹಸಿರು ಪಾಚಿಯ ಹಾಗೆ ಕೂತಿತ್ತು. ಬಟ್ಟೆ ತೆಗೆದ ಕೂಡಲೇ ನಾನು ಮೂಗು ಮುಚ್ಚಿಕೊಂಡೆ. ನಮ್ಮ ವಿಭಾಗದ ಮುಖ್ಯಸ್ಥರು ಕೈಮುಗಿದರು.

ನಾನು ಹೆಸರಘಟ್ಟ ರಸ್ತೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮನೆ ಬಾಗಲಗುಂಟೆಯಲ್ಲಿ. ನನ್ನ ಮೂಗು ಸ್ವಲ್ಪ ಹೆಚ್ಚೇ ಚುರುಕು, ನಾಲಿಗೆ ಅದಕ್ಕಿಂತ ಚುರುಕು ಎಂಬುದು ಮನೆಯವರ ದೂರು. ನಾವಿರುವ ಕಡೆ ಇಂಥ ಮೂಗು ವರವೇನಲ್ಲ. ಮೋರಿ ದಾಟಿ, ಕೋಳಿ ಅಂಗಡಿಯ ಪುಕ್ಕದ ಡ್ರಮ್ಮು ದಾಟಿ, ಯಾರೋ ರಾತ್ರಿ ಸುರಿದುಹೋದ ಕಟ್ಟಡದ ಕಸ ದಾಟಿ ಕಾಲೇಜು ಸೇರುವ ಹೊತ್ತಿಗೆ ನನಗೆ ಮನುಷ್ಯರ ಮೇಲೆ ಅರ್ಧ ಬೇಸರ ಬಂದಿರುತ್ತದೆ. ಉಳಿದರ್ಧ ಸ್ಟಾಫ್ ರೂಮಿನಲ್ಲಿ ಬರುತ್ತದೆ.

ಮಡಕೆ ಸಿಕ್ಕಿದ್ದು ಸೋಲದೇವನಹಳ್ಳಿಯಿಂದ ಆಚೆಗಿರುವ ಒಂದು ಊರಿನ ಕೆರೆಯಂಚಿನಲ್ಲಿ. ಅಲ್ಲಿ ತಲೆತಲಾಂತರದಿಂದ ರಾಗಿ ಬೆಳೆಯುತ್ತಿದ್ದ ಮನೆತನವೊಂದು ಈಗ ಲೇಔಟ್ ಬೆಳೆಯುತ್ತಿದೆ. ಮನೆಯ ಯಜಮಾನ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ರಸ್ತೆಗೆಂದು ಜೆಸಿಬಿಯಲ್ಲಿ ನೆಲ ಕೆರೆಸುವಾಗ ಒಂದು ಮೂಲೆಯಲ್ಲಿ ಕಲ್ಲುಗಳ ಸುತ್ತು, ಅದರೊಳಗೆ ಚಪ್ಪಡಿ, ಚಪ್ಪಡಿಯ ಕೆಳಗೆ ಮಡಕೆಗಳು ಕಂಡವು. ಹೆಚ್ಚಿನವು ಜೆಸಿಬಿಯ ಹಲ್ಲಿಗೆ ಸಿಕ್ಕಿ ಚೂರಾದವು. ಇಡಿಯಾಗಿ ಸಿಕ್ಕಿದ್ದು ಇದೊಂದೇ. ಕೆಳಗೆ ಕೆಂಪು, ಬಾಯಿಯ ಬಳಿ ಕಪ್ಪು, ಉಜ್ಜಿ ಉಜ್ಜಿ ನುಣುಪು ಮಾಡಿದ ಮಡಕೆ. ಮನೆಯವರು ಅದನ್ನು ಒಳಗೆ ತಂದು ಪೂಜೆಗೆ ಕೂರಿಸಿದರು. ಯಜಮಾನರಿಗೆ ನಮ್ಮ ಮುಖ್ಯಸ್ಥರ ಪರಿಚಯವಿತ್ತು. ಪೂಜೆ ಮುಗಿದ ಮೇಲೆ ಒಂದಿಷ್ಟು ಚೂರುಗಳ ಜೊತೆ ಮಡಕೆ ಕಾರಿನ ಡಿಕ್ಕಿಯಲ್ಲಿ ಕೂತು ನಮ್ಮಲ್ಲಿಗೆ ಬಂತು.

ಅದರ ಜೊತೆಗೆ ಒಂದು ಮಾತೂ ಬಂದಿತ್ತು. "ಸಾರ್, ಇದು ಹೊರದೇಶದ್ದು ಅಂತಾದ್ರೆ ಆ ಮೂಲೆ ಬಿಟ್ಬಿಡ್ತೀನಿ. ಸುತ್ತ ಪಾರ್ಕ್ ಮಾಡಿ, ನಡುವೆ ಗಾಜಿನ ರೂಮ್ ಕಟ್ಸಿ, ಬೋರ್ಡ್ ಹಾಕಿಸ್ತೀನಿ. ಲೇಔಟಿಗೂ ಒಂದು ಹೆಸರು. ಇಲ್ಲೀದೇ ಮಡಕೆ ಅಂತಾದ್ರೆ ಅದನ್ನ ಇಟ್ಕೊಂಡು ಏನ್ ಮಾಡೋಣ ಹೇಳಿ? ಸೈಟ್ ಮಾಡೋದೇ," ಎಂದಿದ್ದರು ಯಜಮಾನರು.

ಆ ಮೂಲೆಯನ್ನು ನಾನು ನೋಡಿ ಬಂದೆ. ಸುತ್ತಲಿನ ನೆಲವನ್ನೆಲ್ಲ ಚರ್ಮ ಸುಲಿದಂತೆ ಸುಲಿದಿದ್ದರು. ಮೂಲೆಯೊಂದು ಮಾತ್ರ ಹುಲ್ಲು, ಲಂಟಾನ, ಬೇವಿನ ಗಿಡದೊಂದಿಗೆ ಉಳಿದಿತ್ತು. ಒಡೆದ ಸುತ್ತಿನ ಪಕ್ಕದಲ್ಲೇ ಇನ್ನೂ ಮುಟ್ಟದ ಕಲ್ಲಿನ ಸುತ್ತುಗಳಿದ್ದವು. ಒಂದರ ಮೇಲೆ ಹೆಂಗಸೊಬ್ಬಳು ಸೀರೆ ಒಣಹಾಕಿದ್ದಳು. ಆ ಕಲ್ಲುಗಳ ಕೆಳಗೆ ಇನ್ನೂ ಮಡಕೆಗಳಿವೆ, ಯಾರೂ ತೆರೆದಿಲ್ಲ ಎಂದುಕೊಂಡು ಅವುಗಳ ಸುತ್ತ ಒಮ್ಮೆ ನಡೆದು ಬಂದೆ. ನನ್ನಂಥ ಸಿಡುಕಿಗೆ ಸುಲಭವಾಗಿ ಏನೂ ಇಷ್ಟವಾಗುವುದಿಲ್ಲ. ಆ ಮೂಲೆ ಇಷ್ಟವಾಯಿತು. ಅದು ಹಾಗೆಯೇ ಉಳಿಯಬೇಕು, ತಿಳಿದವರು ಬಂದು ಕುಂಚ ಹಿಡಿದು ನಿಧಾನವಾಗಿ ತೆರೆಯಬೇಕು ಎಂದು ಆಸೆಪಟ್ಟೆ. ಇಂಥದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕಲ್ಲವೇ ಎಂದು ಮುಖ್ಯಸ್ಥರನ್ನು ಕೇಳಿದೆ. "ತಿಳಿಸೋಣ ಮೇಡಂ, ಮೊದಲು ನಮ್ಮ ರಿಸಲ್ಟ್ ಬರಲಿ," ಎಂದರು. ನಮ್ಮ ಎನ್ನುವಾಗ ಅವರ ಕಣ್ಣು ಹೊಳೆಯಿತು.

ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರವೊಂದಿದೆ. ನೋಡಲು ಕೂದಲು ಒಣಗಿಸುವ ಮಿಷಿನ್ನಿನ ಹಾಗೆ. ಅದರ ಮೂತಿಯನ್ನು ಯಾವುದಾದರೂ ವಸ್ತುವಿಗೆ ಒತ್ತಿ ಗುಂಡಿ ಅದುಮಿದರೆ, ಅದರಲ್ಲಿ ಕಬ್ಬಿಣ ಎಷ್ಟು, ಸೀಸ ಎಷ್ಟು, ಇನ್ನೇನೇನು ಇವೆ ಎಂದು ತೆರೆಯ ಮೇಲೆ ತೋರಿಸುತ್ತದೆ. ಮಡಕೆಯ ಹುಟ್ಟೂರು ಪತ್ತೆ ಮಾಡುವ ದಾರಿ ಇದು. ಎಲ್ಲ ಊರಿನ ಜೇಡಿಮಣ್ಣೂ ಕಣ್ಣಿಗೆ ಒಂದೇ. ಆದರೆ ಅದು ಯಾವ ಬಂಡೆ ಕರಗಿ ಆದ ಮಣ್ಣು ಎನ್ನುವುದರ ಮೇಲೆ, ಅದರಲ್ಲಿರುವ ಚಿಟಿಕೆಯಷ್ಟು ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂಗಳ ಪ್ರಮಾಣ ಬೇರೆಬೇರೆ ಇರುತ್ತದೆ. ಸುಟ್ಟರೂ ಅದು ಬದಲಾಗುವುದಿಲ್ಲ. ಮಡಕೆಯ ಪ್ರಮಾಣ ಒಂದು ಕಡೆಯ ಮಣ್ಣಿನ ಪ್ರಮಾಣಕ್ಕೆ ಹೊಂದಿದರೆ, ಇದು ಅಲ್ಲಿಯದಿರಬಹುದು ಎನ್ನಬಹುದು. ಇರಬಹುದು ಎನ್ನಬಹುದು, ಅಷ್ಟೇ. ಈ ಪದಕ್ಕೆ ನಮ್ಮ ಮುಖ್ಯಸ್ಥರಲ್ಲಿ ಜಾಗವಿಲ್ಲ.

ಅವರು ಮಡಕೆಯನ್ನು ತೊಳೆಯಲಿಲ್ಲ. ಯಂತ್ರವನ್ನು ತಂದು ನೇರವಾಗಿ ಮಡಕೆಯ ಹೊಟ್ಟೆಗೆ ಒತ್ತಿದರು. ಸೀಸದ ಗೆರೆ ತೆರೆಯ ನೆತ್ತಿ ಮುಟ್ಟಿತು. ಪಕ್ಕದಲ್ಲಿ ಕ್ರೋಮಿಯಂ.

"ಸೀಸ! ಮೇಡಂ, ಸೀಸ!" ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಸೀಸದ ಮೆರುಗು ಕಣ್ರೀ ಇದು. ಆ ಕಾಲದಲ್ಲಿ ನಮ್ಮವರಿಗೆ ಇದು ಎಲ್ಲಿ ಗೊತ್ತಿತ್ತು? ರೋಮ್‌ನಿಂದ ಬಂದಿರೋದು. ಯಾರೋ ವ್ಯಾಪಾರಿ ಮದ್ಯ ತುಂಬ್ಕೊಂಡು ಬಂದಿದಾನೆ."

"ಸರ್, ಮೊದಲು ತೊಳೆದು ನೋಡೋಣ. ಇದರ ಮೇಲೆ ಏನೇನು ಬಳಿದಿದಾರೋ," ಎಂದೆ.

"ನೀವು ಯಾವಾಗ್ಲೂ ಹೀಗೇ," ಎಂದು ಅವರು ಫೋನ್ ಎತ್ತಿಕೊಂಡು ಹೊರಗೆ ಹೋದರು. ಕಾರಿಡಾರಿನಲ್ಲಿ ನಿಂತು ಯಜಮಾನರಿಗೆ ರೋಮ್ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು. ಆ ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ಬಾಯಿ ಕಹಿಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷಾನಳಿಕೆ ತೊಳೆದು ಬಳಸಿ ಎಂದು ಬೈದ ಮನುಷ್ಯ ಇವರೇ.

ಅವರು ಮನೆಗೆ ಹೋದ ಮೇಲೆ ನಾನು ಮಡಕೆಯ ಜೊತೆ ಬಂದಿದ್ದ ಚೂರುಗಳನ್ನು ಎತ್ತಿಕೊಂಡೆ. ಅವಕ್ಕೂ ಅರಿಶಿನ ಮೆತ್ತಿದ್ದರು. ಚೂರುಗಳಿಗೂ ಬಿಡುವಿಲ್ಲ. ಒಂದನ್ನು ಇಕ್ಕಳದಲ್ಲಿ ಹಿಡಿದು ಮುರಿದೆ. ಹೊಸದಾಗಿ ಮುರಿದ ಅಂಚಿಗೆ ಯಂತ್ರ ಒತ್ತಿದೆ. ಸೀಸವಿಲ್ಲ. ಇನ್ನೊಂದನ್ನು ಮುರಿದೆ. ಇಲ್ಲ. ಅರಿಶಿನ ಮೆತ್ತಿದ ಮೈಗೆ ಒತ್ತಿದರೆ ಇತ್ತು. ಸೀಸವೆಲ್ಲ ಹೊರಮೈಯಲ್ಲಿತ್ತು, ಮಣ್ಣಿನೊಳಗೆ ಇರಲಿಲ್ಲ. ಮೆರುಗು ಎನ್ನಲು ಮಡಕೆಯ ಮೇಲೆ ಗಾಜಿನ ಪದರವೂ ಇರಲಿಲ್ಲ. ಅದರ ಮೇಲಿದ್ದ ಪದರ ಒಂದೇ, ಹಳದಿ ಬಣ್ಣದ್ದು. ನನಗೆ ಅನುಮಾನ ಶುರುವಾಯಿತು.

ಮಾರನೆಯ ದಿನ ಊರಿಗೆ ಹೋದೆ. ಯಜಮಾನರು ಇರಲಿಲ್ಲ. ಅವರ ತಾಯಿ ಇದ್ದರು. ಎಂಬತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಅಜ್ಜಿ. ಹೊಸದಾಗಿ ಕಟ್ಟಿದ ಮೂರಂತಸ್ತಿನ ಮನೆಯ ಅಮೃತಶಿಲೆಯ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಬಾರವ್ವ, ಒಳೀಕ್ ಬಾ. ಮಡ್ಕೆ ನೋಡೋ ಮೇಡಮ್ಮು ನೀನೇಯಾ? ಮಡ್ಕೆ ಉಸಾರಾಗೈತಾ?" ಎಂದರು, ಆಸ್ಪತ್ರೆಗೆ ಸೇರಿಸಿದ ಸೊಸೆಯನ್ನು ವಿಚಾರಿಸುವಂತೆ.

ಮಡಕೆಯನ್ನು ಮನೆಗೆ ತಂದ ಮೇಲೆ ಏನೇನು ಮಾಡಿದಿರಿ ಎಂದು ಕೇಳಿದೆ. ಅಜ್ಜಿ ಹೆಮ್ಮೆಯಿಂದ ಹೇಳಿದರು. "ಒಳಗೆಲ್ಲ ಬೂದಿ, ಮೂಳೆ ಚೂರು ಇತ್ತು ಕಣವ್ವ. ಯಾವ್ದೋ ಕುರೀದೋ ಏನೋ. ಅದ್ನೆಲ್ಲ ತಿಪ್ಪೇಗ್ ಸುರ್ದೆ. ಆಮ್ಯಾಕೆ ಉಣ್ಸೆಣ್ಣು ಆಕಿ ತಿಕ್ಕಿ ತೊಳ್ದೆ. ಅಬ್ಬ, ಎಂಗ್ ಒಳೀತು ಅಂತೀಯ! ಅರಿಶ್ನ ಆಕಿ, ಕುಂಕ್ಮ ಇಕ್ಕಿ, ಆಲು ಉಯ್ದು ಪೂಜೆ ಮಾಡ್ದೊ."

ಅದು ಕುರಿಯದಲ್ಲ ಎಂದು ನನಗೆ ಗೊತ್ತಿತ್ತು. ಕಲ್ಲಿನ ಸುತ್ತು ಹಾಕಿ, ಚಪ್ಪಡಿ ಮುಚ್ಚಿ, ಮಡಕೆಯಲ್ಲಿ ಯಾರೂ ಕುರಿಯ ಮೂಳೆ ಇಡುವುದಿಲ್ಲ. ಯಾರೋ ತಮ್ಮವರ ಮೂಳೆ ಆಯ್ದು, ಮಡಕೆಯಲ್ಲಿಟ್ಟು, ಕಲ್ಲು ಹೊತ್ತು ತಂದು ಮುಚ್ಚಿದ್ದರು. ಅದು ಈಗ ತಿಪ್ಪೆಯಲ್ಲಿ ಸಗಣಿಯ ಜೊತೆಗಿತ್ತು. ಅಜ್ಜಿಗೆ ಹೇಳಲೋ ಬೇಡವೋ ಎಂದು ತಿಣುಕಿದೆ. ಅವರ ಮುಖದಲ್ಲಿನ ಸಂಭ್ರಮ ನೋಡಿ ನಾಲಿಗೆ ಹೊರಳಲಿಲ್ಲ. ನನ್ನ ನಾಲಿಗೆಗೆ ಹೀಗಾಗುವುದು ಅಪರೂಪ.

"ಯಾವ ಅರಿಶಿನ ಅಜ್ಜಿ?" ಎಂದೆ.

ಅಜ್ಜಿ ದೇವರ ಕೋಣೆಯಿಂದ ಪ್ಯಾಕೆಟ್ ತಂದರು. ಹಳದಿ ಎಂದರೆ ಅಂಥ ಹಳದಿ, ನೋಡಿದರೆ ಕಣ್ಣು ಕುಕ್ಕುವಂಥದು. ಪ್ಯಾಕೆಟ್ಟಿನ ಮೂಲೆಯಲ್ಲಿ, ಇರುವೆ ತಲೆಯಷ್ಟು ಅಕ್ಷರದಲ್ಲಿ, ಪೂಜೆಗೆ ಮಾತ್ರ, ತಿನ್ನಲು ಯೋಗ್ಯವಲ್ಲ ಎಂದು ಅಚ್ಚಾಗಿತ್ತು. ಇದು ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಮನುಷ್ಯರಿಗೆ ಒಂದು ಅರಿಶಿನ, ದೇವರಿಗೆ ಇನ್ನೊಂದು, ಅಗ್ಗದ್ದು. ದೇವರು ಹೇಗೂ ದೂರು ಕೊಡುವುದಿಲ್ಲವಲ್ಲ.

ಆಮೇಲೆ ಅಜ್ಜಿ ತಟ್ಟೆಯಲ್ಲಿ ಚಿತ್ರಾನ್ನ ತಂದಿಟ್ಟರು. ಅದೂ ಅದೇ ಹಳದಿ. ನಾನು ತಟ್ಟೆಯನ್ನೂ ಪ್ಯಾಕೆಟ್ಟನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ.

"ಅಡಿಗೆಗೂ ಇದನ್ನೇ ಹಾಕ್ತೀರಾ ಅಜ್ಜಿ?"

"ಊಂ ಮತ್ತೆ. ದೇವ್ರಿಗೆ ಆಕೋದು ನಮ್ಗೆ ಆಗಾಕಿಲ್ವಾ? ಬಣ್ಣ ನೋಡು, ಎಂಗೈತೆ!"

ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ತಟ್ಟೆ ಸರಿಸಿದೆ. ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡೆ. ಕಾಲೇಜಿಗೆ ಬಂದು ಯಂತ್ರ ಒತ್ತಿದರೆ ಸೀಸ, ಕ್ರೋಮಿಯಂ. ಮಡಕೆಯ ಹೊಟ್ಟೆಯ ಮೇಲೆ ಕಂಡ ಅದೇ ಜೋಡಿ. ಹಳದಿ ಹೊಳೆಯಲೆಂದು ಸೀಸದ ಬಣ್ಣ ಬೆರೆಸುವ ಕಳ್ಳರ ಕೆಲಸ. ಗೋಡೆಗೂ ಗಾಡಿಗೂ ಬಳಿಯುವ ಬಣ್ಣ ಅದು. ನಮ್ಮ ಮುಖ್ಯಸ್ಥರ ರೋಮ್ ಇದ್ದದ್ದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ! ನಗು ಬರಬೇಕಿತ್ತು. ಬರಲಿಲ್ಲ. ಆ ಮನೆಯಲ್ಲಿ ಮೊಮ್ಮಕ್ಕಳಿದ್ದರು. ಅಜ್ಜಿಗೆ ಫೋನ್ ಮಾಡಿ, ಆ ಪುಡಿಯನ್ನು ಎಸೆಯಿರಿ, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಎಂದೆ. "ಆಯ್ತು ಬುಡವ್ವ, ಇನ್ನೊಂದ್ ಅಂಗ್ಡೀಲಿ ತರ್ಸ್ತೀನಿ," ಎಂದರು. ಅಂದು ಸಂಜೆ ನಮ್ಮ ಮನೆಯ ಅರಿಶಿನದ ಡಬ್ಬಿಯನ್ನೂ ಕಸಕ್ಕೆ ಸುರಿದೆ. ಪರೀಕ್ಷೆಯನ್ನೂ ಮಾಡಲಿಲ್ಲ. ಅದರ ಮುಖ ನೋಡಲಾಗಲಿಲ್ಲ.

ಸೀಸ ಹೋದರೂ ಪ್ರಶ್ನೆ ಹೋಗಲಿಲ್ಲ. ಮಡಕೆ ಎಲ್ಲಿಯದು? ಅದಕ್ಕೆ ಆ ಊರಿನ ಮಣ್ಣು ಬೇಕು. ಕೆರೆಗೆ ಹೋದೆ.

ಕೆರೆ ಎಂದು ಕರೆಯುವುದು ನಮ್ಮ ಔದಾರ್ಯ. ಕೋಡಿಯ ಕಡೆ ನೊರೆ, ದಡದ ಮೇಲೆ ಡಯಾಪರ್, ತಲೆಗೂದಲ ಗಂಟು, ಗಣೇಶನ ಒಂದು ಕೈ, ಬಿರಿಯಾನಿಯ ಡಬ್ಬಿ. ಮೇಲಿನ ಕೆಸರು ನನಗೆ ಉಪಯೋಗವಿರಲಿಲ್ಲ. ಅದರಲ್ಲಿ ಈ ಕಾಲದ ಹೇಸಿಗೆ ಪೂರ್ತಿ ಇದೆ, ಕಾರ್ಖಾನೆಯ ನೀರು, ಬ್ಯಾಟರಿಯ ಸೀಸ, ಎಲ್ಲ. ಅದರ ಕೆಳಗಿನ ಹಳೆಯ ಜೇಡಿ ಬೇಕಿತ್ತು. ಮೊಣಕೈಯವರೆಗೆ ಗ್ಲೌಸ್ ಹಾಕಿಕೊಂಡು ಕಬ್ಬಿಣದ ಕೊಳವೆಯನ್ನು ಕೆಸರಿಗಿಳಿಸಿದೆ. ಕಪ್ಪು ಕೆಸರು ಬುಳುಬುಳು ಎಂದು ಕೊಳೆತ ಮೊಟ್ಟೆಯ ಗಾಳಿ ಬಿಟ್ಟಿತು. ದಡದಲ್ಲೇ ಕೂತು ಒಮ್ಮೆ ವಾಂತಿ ಮಾಡಿಕೊಂಡೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸ್ಕೂಟರ್ ನಿಲ್ಲಿಸಿ, "ಏನ್ ಮೇಡಂ, ನಿಧೀನಾ?" ಎಂದು ಕೇಳಿ, ನನ್ನ ಮುಖ ನೋಡಿ, ಮುಂದಕ್ಕೆ ಹೋದ.

ಮತ್ತೆ ಕೊಳವೆ ಇಳಿಸಿದೆ. ಕಪ್ಪಿನ ಕೆಳಗೆ ಬೂದು, ಬೂದಿನ ಕೆಳಗೆ ಒಂದು ಬಗೆಯ ತುಕ್ಕುಗೆಂಪು ಬೆರೆತ ನುಣುಪು ಜೇಡಿ ಬಂತು. ವಾಸನೆಯೇ ಇರಲಿಲ್ಲ. ಬೆರಳಿನಲ್ಲಿ ತೀಡಿದರೆ ಬೆಣ್ಣೆ. ಇಷ್ಟೆಲ್ಲ ಹೊಲಸನ್ನು ತಲೆಯ ಮೇಲೆ ಹೊತ್ತುಕೊಂಡು ಅದು ತನ್ನ ಪಾಡಿಗೆ ಕೆಳಗೆ ಶುದ್ಧವಾಗಿ ಕೂತಿತ್ತು. ಕಣ್ಣಲ್ಲಿ ನೀರು ಬಂತು, ವಾಂತಿಯದೋ ಬೇರೆಯದೋ ತಿಳಿಯದು.

ಆ ಜೇಡಿಯನ್ನು ಬಿಲ್ಲೆ ಮಾಡಿ ಕುಲುಮೆಯಲ್ಲಿ ಸುಟ್ಟೆ. ಬೇರೆ ಕೆರೆಗಳ ಮಣ್ಣನ್ನೂ, ದೂರದ ಊರುಗಳಿಂದ ಗೆಳೆಯರು ಕಳಿಸಿದ ಮಣ್ಣನ್ನೂ ಹಾಗೆಯೇ ಸುಟ್ಟೆ. ಎಲ್ಲವನ್ನೂ ಚೂರುಗಳ ಮುರಿದ ಅಂಚಿನೊಂದಿಗೆ ಹೋಲಿಸಿದೆ. ಆ ಕೆರೆಯ ಜೇಡಿ ಚೂರುಗಳ ಜೊತೆಗೂ, ತೊಳೆದ ಮಡಕೆಯ ಜೊತೆಗೂ ಗೆರೆಗೆ ಗೆರೆ ಹೊಂದಿತು. ಉಳಿದವು ಒಂದೂ ಹೊಂದಲಿಲ್ಲ. ಮಡಕೆ ಎಲ್ಲಿಂದಲೂ ಬಂದಿರಲಿಲ್ಲ. ಅಲ್ಲೇ, ನೀರು ನಿಲ್ಲುವ ಆ ತಗ್ಗಿನಿಂದ ಮಣ್ಣು ತೆಗೆದು, ಅಲ್ಲೇ ಸುಟ್ಟು, ಅಲ್ಲೇ ಹೂತಿದ್ದರು. ನನಗೆ ರೋಮ್‌ಗಿಂತ ಇದು ದೊಡ್ಡದೆನಿಸಿತು. ನಾವು ದಿನಾ ಬಸ್ಸಿಗೆ ಕಾಯುವ ರಸ್ತೆಯ ಪಕ್ಕದಲ್ಲಿ, ಇಂಥ ಕೈಗಳಿದ್ದವು!

ಮುಖ್ಯಸ್ಥರಿಗೆ ಎಲ್ಲವನ್ನೂ ತೋರಿಸಿದೆ. ಅವರು ಹಾಳೆಗಳನ್ನು ಮಡಚಿಟ್ಟು, "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಹೊರಮೈ ರಿಸಲ್ಟ್ ಸುಳ್ಳಲ್ಲವಲ್ಲ. ಸೀಸ ಇದೆ ಅಂತಷ್ಟೇ ಹೇಳೋಣ. ನಿಮಗೂ ಆ ಜಾಗ ಉಳೀಬೇಕು ತಾನೇ?" ಎಂದರು.

ಇದು ನನ್ನ ಮೂಳೆಗೆ ತಾಗಿತು. ಉಳಿಯಬೇಕಿತ್ತು. ಎಷ್ಟೆಂದರೆ, ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಸುಳ್ಳು ಹೇಳಿದರೆ ಕಲ್ಲಿನ ಸುತ್ತುಗಳು ಉಳಿಯುತ್ತವೆ, ಗಾಜಿನ ಕೋಣೆಯಲ್ಲಿ, ರೋಮ್ ಎಂಬ ಬೋರ್ಡಿನ ಕೆಳಗೆ. ಅವುಗಳನ್ನು ಮಾಡಿದವರ ಹೆಸರು ಹೇಗೂ ಗೊತ್ತಿಲ್ಲ, ಊರನ್ನೂ ಕಿತ್ತುಕೊಂಡು ಇನ್ಯಾರಿಗೋ ಕೊಟ್ಟುಬಿಡುವುದು. ಛೀ ಎನಿಸಿತು. ಅಲ್ಲದೆ ನನಗೊಂದು ನಂಬಿಕೆಯಿತ್ತು. ಇದು ಹೊರಗಿನದಲ್ಲ, ನಿಮ್ಮ ಊರಿನದೇ, ನಿಮ್ಮ ಕೆರೆಯದೇ ಎಂದು ತಿಳಿದರೆ ಯಾರಿಗಾದರೂ ಅಭಿಮಾನ ಬರುತ್ತದೆ, ಯಜಮಾನರಿಗೂ ಬರುತ್ತದೆ, ಮೂಲೆ ಉಳಿಯುತ್ತದೆ ಎಂದುಕೊಂಡೆ. ಐವತ್ತು ದಾಟಿದ ಹೆಂಗಸು ನಾನು, ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದವಳು. ಆದರೂ ಹಾಗೆಂದುಕೊಂಡೆ.

ಯಜಮಾನರ ಮನೆಯ ಹಾಲ್‌ನಲ್ಲಿ ಸೇರಿದೆವು. ಮಡಕೆಯನ್ನು ವಾಪಸ್ಸು ತಂದು ಟೀಪಾಯಿಯ ಮೇಲಿಟ್ಟಿದ್ದೆವು, ನಾನು ತೊಳೆದಿದ್ದರಿಂದ ಅದರ ಕೆಂಪು ಕಪ್ಪು ಈಗ ಕಾಣುತ್ತಿತ್ತು. ಅಜ್ಜಿ ಬಾಗಿಲ ಬಳಿ ಕೂತಿದ್ದರು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು ಸೀಸ ಎಂದು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿದೆ. ಅರಿಶಿನದ ವಿಷಯ ಹೇಳಿದೆ, ಮುರಿದ ಅಂಚಿನ ವಿಷಯ ಹೇಳಿದೆ. ಕೊನೆಗೆ, "ಇದು ಬೇರೆ ಎಲ್ಲೀದೂ ಅಲ್ಲ ಸರ್. ನಮಗೆ ತಿಳಿದ ಮಟ್ಟಿಗೆ ನಿಮ್ಮ ಕೆರೆ ಮಣ್ಣೇ. ಇದನ್ನ ಮಾಡಿದವರು ಇಲ್ಲೇ ಇದ್ದವರು," ಎಂದೆ. ಹೇಳುತ್ತಾ ಸಂತೋಷಕ್ಕೆ ಮಡಕೆಯನ್ನು ಅವರ ಕಡೆ ಸರಿಸಿದೆ.

ಮುಖ್ಯಸ್ಥರು ಚಾವಣಿ ನೋಡಿದರು. ಯಜಮಾನರು ಮಡಕೆ ನೋಡಿದರು.

"ಇಲ್ಲೇ ಇದ್ದವರು ಅಂದ್ರೆ ಯಾರು ಮೇಡಂ?" ಎಂದರು ಮೆತ್ತಗೆ.

"ಅದು ಗೊತ್ತಾಗಲ್ಲ ಸರ್. ಅವರ ಮೂಳೆ ಇದರಲ್ಲಿತ್ತು. ತಮ್ಮವರನ್ನ ಅಲ್ಲಿ ಮಣ್ಣು ಮಾಡಿದ್ದರು."

ಬಾಗಿಲ ಬಳಿ ಅಜ್ಜಿ ಎದ್ದು ನಿಂತರು. "ಏನಂದೆ? ಮನುಷ್ಯರ್ ಮೂಳೆಯಾ? ಯಾರ್ ಮನೆ ಎಣಾನೋ ಒಳೀಕ್ ತಂದ್ಬುಟ್ರಲ್ಲೋ! ನನ್ ಕೈಯಾರೆ ಅರಿಶ್ನ ಆಕ್ಬುಟ್ನಲ್ಲೋ ಶಿವ್ನೇ!" ಎಂದು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದರು. ಒರೆಸಿದರು, ಮತ್ತೆ ಒರೆಸಿದರು, ಹಿತ್ತಲಿಗೆ ಹೋಗಿ ಕೊಳಾಯಿ ಬಿಟ್ಟುಕೊಂಡರು. ಸೀಸ ಬೆರೆತ ಪುಡಿಯಲ್ಲಿ ವರ್ಷಗಟ್ಟಲೆ ಅನ್ನ ಕಲಸಿದ ಕೈಗಳು ಅವು. ಆ ವಿಷಯ ಹೇಳಿದಾಗ ಆಯ್ತು ಬುಡವ್ವ ಎಂದಿದ್ದರು.

ಯಜಮಾನರು ಸೋಫಾದಲ್ಲಿ ಮುಂದಕ್ಕೆ ಬಾಗಿದರು. "ಮೇಡಂ, ತಪ್ಪು ತಿಳ್ಕೋಬೇಡಿ. ಆ ಮಿಷಿನ್‌ನಲ್ಲಿ ಯಾವ ಜನ ಅಂತ ಗೊತ್ತಾಗಲ್ವಾ?"

ಯಾವ ಜನ ಎಂದರೆ ಯಾವ ಜಾತಿ. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಅವರು ಬಿಡಿಸಿ ಹೇಳಿದರು. "ಕೆರೆ ಆಚೆ ಕಾಲೋನಿಯವರು ಸ್ಮಶಾನಕ್ಕೆ ಜಾಗ ಕೊಡಿ ಅಂತ ಎಷ್ಟೋ ವರ್ಷದಿಂದ ಅರ್ಜಿ ಹಾಕ್ತಾ ಇದಾರೆ. ಹೊರದೇಶದವನ ಮಡಕೆ ಅಂದಿದ್ರೆ ಯಾರೂ ಕೇಳ್ತಿರ್ಲಿಲ್ಲ. ಈಗ ನೀವು ಇಲ್ಲಿಯವರದ್ದು ಅಂತೀರ, ಹೆಣ ಹೂತಿರೋ ಜಾಗ ಅಂತೀರ. ನಾಳೆ ಅವರು ಬಂದು ನಮ್ಮ ತಾತಂದು ಅಂತ ಕೂತ್ಕೊಂಡ್ರೆ?"

"ಅವರದ್ದೂ ಇರಬಹುದು ಸರ್. ನಿಮ್ಮದೂ ಇರಬಹುದು," ಎಂದೆ.

ಮುಖ್ಯಸ್ಥರು ನನ್ನ ಮೊಣಕೈ ತಿವಿದರು. ಯಜಮಾನರ ಮುಖದಲ್ಲಿ ನಗೆ ಹಾಗೇ ಇತ್ತು, ಕಣ್ಣಲ್ಲಿ ಮಾತ್ರ ಏನೋ ಮುಚ್ಚಿಕೊಂಡಿತು. "ಕಾಫಿ ತಗೊಳಿ ಮೇಡಂ," ಎಂದರು. ಊಟದ ಕೋಣೆಯಲ್ಲಿ ಕೂರಿಸಿ ಕೊಟ್ಟ ಆ ಕಾಫಿಯನ್ನು ಹೇಗೆ ಕುಡಿದೆನೋ. ಹೊರಡುವಾಗ ಹಾಲ್‌ಗೆ ಬಂದರೆ ಮಡಕೆ ಟೀಪಾಯಿಯ ಮೇಲಿರಲಿಲ್ಲ. ಅಜ್ಜಿ ಯಾರಿಗೋ ಹೇಳಿ ಬಾಯಿಗೆ ಕೋಲು ಹಾಕಿ ಎತ್ತಿಸಿ ಗೇಟಿನಾಚೆ ಇಡಿಸಿದ್ದರು. ಅದರ ಜಾಗದಲ್ಲಿ ಗಂಜಲ ಚಿಮುಕಿಸಿದ್ದರು.

ಗೇಟಿನಾಚೆಯಿಂದ ಮಡಕೆಯನ್ನು ನಾನೇ ಎತ್ತಿಕೊಂಡು ಬಂದೆ. ಮುಖ್ಯಸ್ಥರು ಕಾರಿನಲ್ಲಿ ನನ್ನನ್ನು ನಾಗಸಂದ್ರ ಮೆಟ್ರೋವರೆಗೆ ಬಿಟ್ಟರು. ನಾನು ಇಳಿಯುವಾಗ, "ನಿಮ್ಮ ಸತ್ಯಕ್ಕೆ ಒಂದು ದೊಡ್ಡ ನಮಸ್ಕಾರ," ಎಂದರು. ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತು ಸರ್ಕಾರದ ಪುರಾತತ್ವ ಕಚೇರಿಗೆ ಫೋನ್ ಮಾಡಿದೆ. ದನಿಯೊಂದು ಎಲ್ಲವನ್ನೂ ಕೇಳಿಸಿಕೊಂಡು, ಸೋಮವಾರ ಬಂದು ನೋಡುತ್ತೇವೆ ಎಂದಿತು.

ಸೋಮವಾರದವರೆಗೆ ಕಾಯಲಾಗದೆ ಶನಿವಾರ ಮಧ್ಯಾಹ್ನ ನಾನೇ ಹೋದೆ. ದೂರದಿಂದ ನೋಡಿದರೆ ಬೇವಿನ ಗಿಡ ಕಾಣಲಿಲ್ಲ. ಹತ್ತಿರ ಹೋದರೆ ಮೂಲೆಯೇ ಇರಲಿಲ್ಲ. ಕಲ್ಲುಗಳನ್ನು ಕೆರೆಯ ಅಂಚಿಗೆ ತಳ್ಳಿ ರಾಶಿ ಮಾಡಿದ್ದರು. ಸುತ್ತುಗಳಿದ್ದ ಕಡೆ ನೆಲವನ್ನು ಅಗೆದು, ತಿರುವಿ, ಸಮ ಮಾಡಿ, ರೋಡ್ ರೋಲರ್ ಉರುಳಿಸುತ್ತಿದ್ದರು. ನೆಲದ ತುಂಬ ಕೆಂಪು ಕಪ್ಪು ಬೋಕಿ ಚೂರುಗಳು, ಅವುಗಳ ನಡುವೆ ಬಿಳಿಯ ಸಣ್ಣ ಸಣ್ಣ ಚೂರುಗಳು. ಅವು ಏನೆಂದು ನೋಡಲು ನಾನು ಬಗ್ಗಲಿಲ್ಲ. ರೋಲರ್ ಹಾದುಹೋದಾಗ ಹಪ್ಪಳ ಮುರಿದಂಥ ಸದ್ದು ಬರುತ್ತಿತ್ತು. ಕೆರೆಯಾಚೆ, ಕಾಲೋನಿಯ ಕಡೆಯ ಏರಿಯ ಮೇಲೆ ಕೆಲವರು ನಿಂತು ಸುಮ್ಮನೆ ನೋಡುತ್ತಿದ್ದರು.

ಯಜಮಾನರು ಛತ್ರಿ ಹಿಡಿದು ನಿಂತಿದ್ದವರು ನನ್ನನ್ನು ಕಂಡು ಬಂದರು. ಬಿಸಿಲು ನನಗೆ ತಾಗದಂತೆ ಛತ್ರಿಯನ್ನು ಇತ್ತ ವಾಲಿಸಿದರು. ಅಷ್ಟು ಮರ್ಯಾದಸ್ಥ.

"ಏನ್ ಸರ್ ಇದು?" ಎಂದೆ. ಅಳು ಬರುವಷ್ಟು ಕೋಪ. "ಏನ್ ಮಾಡ್ಬಿಟ್ರಿ?"

"ಏನಿಲ್ಲ ಮೇಡಂ," ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ನನಗೆ ಇಂದಿಗೂ ಅಸಹ್ಯ. ನನಗೆ ಸಮಾಧಾನ ಹೇಳುವಂತೆ ಹೇಳಿದರು. "ಇಲ್ಲೀದೇ ಮಣ್ಣು ಅಂತ ನೀವೇ ಹೇಳಿದ್ರಲ್ಲ. ಇಲ್ಲೀಗೇ ಸೇರಿಸ್ದೊ."

ರೋಲರ್ ಮತ್ತೊಂದು ಸುತ್ತು ಬಂತು. ನನಗೆ ಬಾಯಿಯ ತುಂಬ ಕಹಿ ಉಗುಳು ಬಂದು ನಿಂತಿತು. ಉಗಿಯಬೇಕೆಂದು ಪಕ್ಕಕ್ಕೆ ತಿರುಗಿ ನೆಲ ನೋಡಿದೆ. ಎಲ್ಲಿ ನೋಡಿದರೂ ಮಡಕೆಯೊಳಗಿದ್ದವರೇ ಇದ್ದರು, ಪುಡಿಯಾಗಿ, ನನ್ನ ಚಪ್ಪಲಿಗೆ ಮೆತ್ತಿಕೊಂಡು. ನುಂಗಿಕೊಂಡೆ.